ಗಡಿ ದಾಟಿದ ಮಾತು

ಜರ್ಮನಿಯ ವೈಲ್ ಆಮ್ ರೈನ್ ಊರಿನಲ್ಲಿ 8ನೆಯ ನಂಬರಿನ ಟ್ರಾಮು ಹತ್ತಿದರೆ ಸ್ವಲ್ಪ ಹೊತ್ತಿನಲ್ಲಿಯೇ ಸ್ವಿಟ್ಜರ್ಲೆಂಡಿನ ಬಾಸೆಲ್ ಸಿಕ್ಕುತ್ತದೆ. ಗಡಿ ಎಲ್ಲಿ ಕಳೆಯಿತೆಂದು ಕಿಟಕಿಯ ಬಳಿ ಕುಳಿತ ನನಗೆ ತಿಳಿಯಲಿಲ್ಲ. ಜೇಬಿನಲ್ಲಿದ್ದ ಮೊಬೈಲಿಗೆ ತಿಳಿದಿತ್ತು.

ಜರ್ಮನಿಯಲ್ಲಿ ಕೊಂಡ ಸಿಮ್ ಫ್ರಾನ್ಸ್, ಇಟಲಿಗಳಲ್ಲಿಯೂ ಜರ್ಮನಿಯ ದರದಲ್ಲಿಯೇ ನಡೆದಿತ್ತು. ಐರೋಪ್ಯ ಒಕ್ಕೂಟವು 2017ರ ಜೂನ್ 15ರಂದು ರೋಮಿಂಗಿನ ಹೆಚ್ಚುವರಿ ಶುಲ್ಕವನ್ನು ತೆಗೆದುಹಾಕಿದುದರ ಫಲವದು. 2022ರಲ್ಲಿ ಆ ನಿಯಮವನ್ನು 2032ರವರೆಗೆ ಮುಂದುವರಿಸಿದರು. ಸ್ವಿಟ್ಜರ್ಲೆಂಡು ಆ ಒಕ್ಕೂಟಕ್ಕೆ ಸೇರಿದುದಲ್ಲ. ನನ್ನ ಸಿಮ್‌ನ ಕರಾರಿನಲ್ಲಿ ಅದಕ್ಕೆ ಎಡೆಯೂ ಇರಲಿಲ್ಲ. ಇದನ್ನರಿಯದೆ ಆ ಸಂಜೆ ಊರಿನಲ್ಲಿದ್ದ ಅಮ್ಮನೊಡನೆ ವಿಡಿಯೋದಲ್ಲಿ ಮಾತಿಗೆ ಕುಳಿತೆ. ಮುಂಗಡ ಕಟ್ಟಿದ್ದ ಹಣವೆಲ್ಲ ಕರಗಿ ಮಾತು ಅರ್ಧಕ್ಕೇ ನಿಂತಿತು. ನನಗೇನಾಯಿತೋ ಎಂದು ಆಕೆ ರಾತ್ರಿಯೆಲ್ಲ ಕಣ್ಣು ಮುಚ್ಚಲಿಲ್ಲವಂತೆ.

ದೂರ ಹೋದವನು ಹೆಚ್ಚು ತೆರಬೇಕೆಂಬ ವಾದವನ್ನು ನಾನು ಒಪ್ಪಲಾರೆ. ಬರ್ಲಿನ್ನಿನವನು ಲಿಸ್ಬನ್ನಿಗೆ ಹೋದರೂ ಇಲ್ಲದ ಹೆಚ್ಚಳ, ರೈನ್ ದಡದ ಈ ಎರಡು ನೆರೆಯೂರುಗಳ ನಡುವೆ ಏತಕ್ಕೆ? ದರವನ್ನು ಕಟ್ಟುವುದು ಮೈಲಿಗಳಲ್ಲ, ಕಂಪನಿಗಳು ತಮ್ಮತಮ್ಮಲ್ಲಿ ಮಾಡಿಕೊಂಡ ಕರಾರು. ಒಕ್ಕೂಟದೊಳಗೆ ಕಾನೂನಿಗೆ ಸಾಧ್ಯವಾದುದು ಅದರಾಚೆಗೆ ರಾಜ್ಯ ರಾಜ್ಯಗಳ ಒಪ್ಪಂದಕ್ಕೆ ಅಸಾಧ್ಯವೆ?

ಅಲ್ಲಿಯವರೆಗೆ ನಾನಂತೂ ಟ್ರಾಮು ಹತ್ತುವ ಮುನ್ನವೇ ಡೇಟಾ ರೋಮಿಂಗನ್ನು ನಿಲ್ಲಿಸುತ್ತೇನೆ. ತಂಗುವ ಮನೆಯ ವೈಫೈ ಸಿಕ್ಕಮೇಲೆಯೇ ಅಮ್ಮನಿಗೆ ಕರೆ.