ಸೇನಾನಿಯ ಎದೆಬಡಿತ

ರಣರಂಗದ ನಾಯಕರನ್ನು ನಾವು ಬಾಲ್ಯದಿಂದಲೂ ಬಲ್ಲುದು ಇಸವಿಗಳಿಂದ, ಗೆದ್ದ ಕೋಟೆಗಳಿಂದ, ಊರ ನಡುವಣ ಅಶ್ವಾರೂಢ ಪ್ರತಿಮೆಗಳಿಂದ. ಆ ಕಂಚಿನೊಳಗೆ ನಮ್ಮಂತೆಯೇ ಅಂಜುವ, ಪರಿತಪಿಸುವ ಜೀವವೊಂದಿತ್ತೆಂದು ತಿಳಿಯಬೇಕಾದರೆ ಅವರು ತಾವೇ ಬರೆದಿಟ್ಟ ಪುಟಗಳಿಗೆ ಹೋಗಬೇಕು. ನನಗಿದು ಮನದಟ್ಟಾದುದು ಅಮೆರಿಕದ ಅಂತರ್ಯುದ್ಧದ ಸೇನಾಪತಿ ಯುಲಿಸಿಸ್ ಗ್ರಾಂಟನ ಆತ್ಮಕಥನವನ್ನೋದಿದಾಗ.

1861ರ ಬೇಸಗೆಯಲ್ಲಿ, ಮಿಸೌರಿ ಪ್ರಾಂತದ ಫ್ಲಾರಿಡಾ ಎಂಬ ಹಳ್ಳಿಯ ಬಳಿ ಬೀಡುಬಿಟ್ಟಿದ್ದ ಹ್ಯಾರಿಸ್ ಎಂಬಾತನ ದಂಡಿನ ಮೇಲೆ ಏರಿಹೋಗುವಂತೆ ಆತನಿಗೆ ಅಪ್ಪಣೆಯಾಯಿತು. ಎದುರಿಗೊಂದು ಗುಡ್ಡ, ಅದರಾಚೆ ಶತ್ರುಶಿಬಿರ. ಗುಡ್ಡವನ್ನೇರಿದಂತೆಲ್ಲ ಹೃದಯವೂ ಮೇಲೇರಿ ಗಂಟಲಲ್ಲಿ ಸಿಕ್ಕಿಕೊಂಡಂತಾಯಿತೆಂದೂ, ಇಲಿನಾಯ್‌ಗೆ ಮರಳಿದರೆ ಸಾಕೆನ್ನಿಸಿತೆಂದೂ, ನಿಲ್ಲಿರೆಂದು ಹೇಳುವ ಧೈರ್ಯವಿಲ್ಲದ್ದರಿಂದಲೇ ಮುಂದೆ ನಡೆದೆನೆಂದೂ ಆತನು ಬರೆಯುತ್ತಾನೆ. ಕಣಿವೆ ಕಣ್ಣಿಗೆ ಬಿದ್ದಾಗ ನೋಡಿದರೆ ಶಿಬಿರ ಬರಿದು. ಹ್ಯಾರಿಸ್ ಕೆಲವು ದಿನಗಳ ಹಿಂದೆಯೇ ಹೊರಟುಹೋಗಿದ್ದನು. ತಾನು ಅಂಜಿದಷ್ಟೇ ಅವನೂ ತನಗೆ ಅಂಜಿದ್ದನೆಂಬುದು ಗ್ರಾಂಟನಿಗೆ ಹೊಳೆದುದು ಆಗಲೇ. ಶೂರನಿಗೆ ಭಯವೇ ಇಲ್ಲವೆಂದು ಸಾರುವ ನೂರು ಪಾಠಗಳಿಗಿಂತ ಈ ಒಂದು ಒಪ್ಪಿಗೆ ನನಗೆ ಹೆಚ್ಚು ಬೆಲೆಯುಳ್ಳದ್ದು.

ಕೋಲ್ಡ್ ಹಾರ್ಬರ್ ಎಂಬ ರಣಭೂಮಿಯಲ್ಲಿ 1864ರ ಜೂನ್ 3ರಂದು ತಾನು ಆಜ್ಞಾಪಿಸಿದ, ಸಾವಿರಾರು ಜನ ಸತ್ತ ಇಲ್ಲವೇ ಗಾಯಗೊಂಡ ಆಕ್ರಮಣಕ್ಕಾಗಿ ಆತನು ಅದೇ ಗ್ರಂಥದಲ್ಲಿ ವಿಷಾದಪಡುತ್ತಾನೆ. ಆ ವಿಷಾದದಿಂದ ಸತ್ತವರ ಋಣ ತೀರಲಿಲ್ಲ, ನಿಜ. ಆದರೆ ಅಂಥ ತಪ್ಪನ್ನು ಸ್ವಹಸ್ತದಿಂದ ದಾಖಲಿಸಿದ ದಂಡನಾಯಕರು ವಿರಳ.

1865ರ ಏಪ್ರಿಲ್ 9ರಂದು, ಅಪೊಮ್ಯಾಟಕ್ಸ್ ಎಂಬ ಊರಿನ ಮನೆಯೊಂದರಲ್ಲಿ, ಹೊಸ ಸಮವಸ್ತ್ರವನ್ನುಟ್ಟು ಖಡ್ಗಧಾರಿಯಾಗಿ ಶರಣಾಗಲು ಬಂದ ಎದುರುಪಕ್ಷದ ಸೇನಾಪತಿ ರಾಬರ್ಟ್ ಲೀಯ ಎದುರು ಸಾಮಾನ್ಯ ಸಿಪಾಯಿಯ ಮಾಸಲಂಗಿಯಲ್ಲಿ ಕುಳಿತ ಗ್ರಾಂಟನಿಗೆ, ವಿಜಯದ ಆ ಗಳಿಗೆಯಲ್ಲಿ, ಹರ್ಷಕ್ಕೆ ಬದಲಾಗಿ ಖಿನ್ನತೆ ಕವಿಯಿತು. ಗುಲಾಮಗಿರಿಯ ಪಕ್ಷವು ಅತ್ಯಂತ ಹೀನವಾದುದೆಂಬ ತನ್ನ ನಿಶ್ಚಯವನ್ನು ಸಡಿಲಿಸದೆಯೇ, ಸೋತ ಯೋಧರು ಬಿತ್ತನೆಗಾಗಿ ತಮ್ಮ ಕುದುರೆಗಳನ್ನು ಮನೆಗೊಯ್ಯಲು ಆತನು ಸಮ್ಮತಿಸಿದನು. ಗೆಲವಿನ ತೋಪುಗಳನ್ನು ಹಾರಿಸುವುದನ್ನು ನಿಲ್ಲಿಸಿದನು.

ನಮ್ಮ ಶಾಲೆಗಳಲ್ಲಿ ಯುದ್ಧದ ನಕ್ಷೆಗಳೊಡನೆ ಇಂಥ ಪುಟಗಳನ್ನೂ ಓದಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. 1884ರಲ್ಲಿ ಸರ್ವಸ್ವವನ್ನೂ ಕಳೆದುಕೊಂಡು, ಗಂಟಲಿನ ಅರ್ಬುದರೋಗದಿಂದ ಮಾತುಡುಗಿ, ಚೀಟಿಗಳಲ್ಲಿ ಬರೆದು ತಿಳಿಸುವ ಸ್ಥಿತಿಗಿಳಿದರೂ, ಹೆಂಡತಿಮಕ್ಕಳ ಜೀವನಕ್ಕೆಂದು ಗ್ರಾಂಟನು ಈ ಗ್ರಂಥವನ್ನು ಬರೆದು ಮುಗಿಸಿದನು. ಮುಗಿಸಿದ ಕೆಲವೇ ದಿನಗಳಲ್ಲಿ, 1885ರ ಜುಲೈ 23ರಂದು, ತೀರಿಕೊಂಡನು.