ಕ್ಯಾಮೆರಾ ಅಳೀಲಿ, ತೀರ್ಪು ಅವಳದ್ದು

ಸ್ತನಕ್ಕೆ ಇಂಪ್ಲಾಂಟ್ ಹಾಕಿದ ಮೇಲೆ ಆಕಾರ ಚೆನ್ನಾಗಿ ಬಂದಿದೆ ಅಂತ ಹೇಳೋರು ಯಾರು? 1962ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಮೊದಲ ಸಿಲಿಕೋನ್ ಇಂಪ್ಲಾಂಟ್ ಹಾಕಿದಾಗಿನಿಂದ ಬಹುಕಾಲ ಅದು ಸರ್ಜನ್ನರ ಕಣ್ಣು, ಅಳತೆ ಟೇಪಿಗೆ ಬಿಟ್ಟ ವಿಷಯವಾಗಿತ್ತು.

ಈಗ ಮೂರು ಆಯಾಮದ ಕ್ಯಾಮೆರಾ ಇದೆ. ಹಲವು ಕೋನಗಳಿಂದ ಒಟ್ಟಿಗೇ ಚಿತ್ರ ತೆಗೆದು, ಮೈಯ ಮೇಲ್ಮೈಯನ್ನು ಕಂಪ್ಯೂಟರಿನಲ್ಲಿ ಕಟ್ಟುತ್ತೆ. ಆಪರೇಷನ್ನಿಗೆ ಮುಂಚಿನದರ ಮೇಲೆ ನಂತರದ್ದನ್ನು ಕೂರಿಸಿದರೆ ಎಷ್ಟು ಮಿಲಿಮೀಟರ್ ಮುಂದೆ ಬಂತು, ಎಷ್ಟು ಕೆಳಗೆ ಜಾರಿತು, ಎಡಬಲ ವ್ಯತ್ಯಾಸ ಎಷ್ಟು ಅನ್ನೋ ಲೆಕ್ಕ ಸಿಗುತ್ತೆ. ಒಳ್ಳೆಯದೇ. ‘ಎಲ್ಲ ಸರಿಯಾಗಿದೆ ಬಿಡಿ’ ಅಂತ ಡಾಕ್ಟರು ತಳ್ಳಿಹಾಕೋದು ಕಷ್ಟವಾಗುತ್ತೆ.

ಆದ್ರೆ ಅಳತೆಯೇ ಆದರ್ಶ ಆಗಬಾರದು ಅನ್ನೋದು ನನ್ನ ತಕರಾರು. ಲಂಡನ್ನಿನ ಸರ್ಜನ್ ಪ್ಯಾಟ್ರಿಕ್ ಮಲ್ಲೂಚಿ ಮತ್ತು ಜೊತೆಗಾರರು 2012ರಲ್ಲಿ ನೂರು ರೂಪದರ್ಶಿಗಳ ಫೋಟೋ ಅಳೆದು, ತೊಟ್ಟಿನಿಂದ ಮೇಲಕ್ಕೆ 45, ಕೆಳಕ್ಕೆ 55 ಅನ್ನೋ ಅನುಪಾತ ಮುಂದಿಟ್ಟರು. ಕ್ಯಾನ್ಸರಿಗೆ ಸ್ತನ ಕಳ್ಕೊಂಡು ಮತ್ತೆ ಕಟ್ಟಿಸಿಕೊಂಡವಳಿಗೆ ರೂಪದರ್ಶಿಯ ಲೆಕ್ಕ ಯಾಕೆ? ಬಿಗಿಯುತ್ತಾ, ನೋಯುತ್ತಾ ಅನ್ನೋದು ಕ್ಯಾಮೆರಾಕ್ಕೆ ಕಾಣಲ್ಲ. ಅವಳನ್ನೇ ಕೇಳಬೇಕು; 2009ರಲ್ಲಿ ಬಂದ ಬ್ರೆಸ್ಟ್-ಕ್ಯೂ ಪ್ರಶ್ನಾವಳಿ ಇರೋದೇ ಅದಕ್ಕೆ.

ಎರಡೂ ಬೇಕು. ಎರಡಕ್ಕೂ ತಾಳೆಯಾಗದಿದ್ದರೆ ಅವಳ ಮಾತಿಗೇ ತೂಕ ಹೆಚ್ಚು. ನೀವೇನಂತೀರಿ?