ಜಮಾತಿನ ಮಹಡಿಯ ಓದುಕೋಣೆ

ಈ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ನಾಲ್ಕು ಜನರ ಮುಂದಿಡುವಂಥದ್ದು ನನ್ನಲ್ಲೇನಿದೆ ಎಂದು ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ನನ್ನ ತರಗತಿಯ ಗೆಳತಿಯೊಬ್ಬಳು ಊಟದ ಡಬ್ಬಿ ಬಿಚ್ಚುತ್ತಾ, "ಅಲ್ಲ ಕಣೇ, ಮಸೀದಿಯೊಳಗೆ ನೀವೆಲ್ಲ ಸೇರಿ ಏನೇನು ಮಾಡ್ತೀರಿ?" ಎಂದು ಕೇಳಿದಳು. ಅವಳ ಮಾತಿನಲ್ಲಿ ಕುಹಕವಿರಲಿಲ್ಲ. ತಿಳಿದುಕೊಳ್ಳಬೇಕೆಂಬ ಆಸೆಯೊಂದೇ ಇತ್ತು. "ನನಗೆ ಹೇಗೆ ಗೊತ್ತಾಗಬೇಕು? ನಾನೇ ಒಳಗೆ ಹೋದವಳಲ್ಲ" ಎಂದೆ. ಅವಳು ನಕ್ಕಳು, ನಾನೂ ನಕ್ಕೆ. ಸಂಜೆ ಬಸ್ಸಿನಲ್ಲಿ ಊರಿಗೆ ಹೋಗುವಾಗ ಮಾತ್ರ ಆ ನಗು ಉಳಿದಿರಲಿಲ್ಲ.

ನಮ್ಮದು ಹಾಸನ ಜಿಲ್ಲೆಯ ಒಂದು ಸಣ್ಣ ಊರು. ಮಸೀದಿಗೆ ಹೊಂದಿಕೊಂಡಂತೆ ಜಮಾತಿನ ಎರಡಂತಸ್ತಿನ ಕಟ್ಟಡವಿದೆ. ಕೆಳಗೆ ಐದು ಅಂಗಡಿಗಳು. ಅವುಗಳ ಬಾಡಿಗೆಯಲ್ಲಿ ಇಮಾಮರ ಸಂಬಳ, ದೀಪದ ಖರ್ಚು, ಮಕ್ಕಳ ಅರಬ್ಬಿ ಪಾಠದ ಖರ್ಚು ನಡೆಯಬೇಕು. ಮೇಲೆ ಒಂದು ಸಭಾಂಗಣ, ಅದರ ಪಕ್ಕಕ್ಕೆ ಒಂದು ಓದುಕೋಣೆ. ದಾರಿಯಲ್ಲಿ ಹೋಗುವವರಿಗೆ ಐದು ಹೊತ್ತಿನ ಆಜಾನು ಕೇಳುತ್ತದೆ; ಆ ಕಟ್ಟಡದಲ್ಲಿ ನಡೆಯುವ ಉಳಿದ ಕೆಲಸ ಕಾಣುವುದಿಲ್ಲ. ನಿಕಾಹ್ ಆದರೆ ಅದರ ದಾಖಲೆಯ ಪುಸ್ತಕ ಅಲ್ಲಿದೆ. ಗಂಡಹೆಂಡಿರ ಜಗಳ ಕೋರ್ಟಿನ ಮೆಟ್ಟಿಲು ಹತ್ತುವ ಮುನ್ನ ಅಲ್ಲಿನ ಮೆಟ್ಟಿಲು ಹತ್ತುತ್ತದೆ. ಉಳ್ಳವರು ವರ್ಷದ ಉಳಿತಾಯದಲ್ಲಿ ನೂರಕ್ಕೆ ಎರಡೂವರೆಯಂತೆ ತೆಗೆಯುವ ಜಕಾತಿನಲ್ಲಿ ಒಂದು ಪಾಲು ಅಲ್ಲಿ ಸೇರಿ, ಯಾರದೋ ಆಸ್ಪತ್ರೆಯ ಬಿಲ್ಲಿಗೋ ಶಾಲೆಯ ಶುಲ್ಕಕ್ಕೋ ಸದ್ದಿಲ್ಲದೆ ಹೋಗುತ್ತದೆ. ಬಕ್ರೀದಿನ ಕುರ್ಬಾನಿಯ ಚರ್ಮ ಮಾರಿದ ಹಣವೂ ಹಿಂದೆ ಒಂದು ಒಳ್ಳೆಯ ಆದಾಯವಾಗಿತ್ತು; ಈಚಿನ ವರ್ಷಗಳಲ್ಲಿ ಚರ್ಮದ ಬೆಲೆ ಬಿದ್ದುಹೋಗಿ, ಅದನ್ನು ಸಾಗಿಸುವ ಗಾಡಿಯ ಬಾಡಿಗೆಯೂ ಹುಟ್ಟುವುದಿಲ್ಲವೆಂದು ನನ್ನ ತಂದೆಯವರು ಹೇಳುತ್ತಾರೆ.

ಜಮಾತಿನ ದೊಡ್ಡ ದೇಗುಗಳ ಮಾತನ್ನು ಹೇಳದೆ ಬಿಡಲಾರೆ. ಬಿರಿಯಾನಿಯ ಈ ತಾಮ್ರದ ಪಾತ್ರೆಗಳು ಮತ್ತು ನೂರಿನ್ನೂರು ಕುರ್ಚಿಗಳು ನಮ್ಮ ಮದುವೆಗಳಿಗೆ ಮಾತ್ರ ಹೋಗುತ್ತವೆಂದಲ್ಲ. ಹಿಂದಿನ ಬೀದಿಯ ಗೌಡರ ಮನೆಯ ಬೀಗರೂಟಕ್ಕೆ ಅವೇ ಕುರ್ಚಿಗಳು. ಗಣಪತಿ ಕೂರಿಸುವ ಹುಡುಗರು ಪೆಂಡಾಲಿಗೆ ಗಳ ಸಾಲದೆ ಬಂದರೆ ಹಿತ್ತಿಲಿಂದ ತೆಗೆದುಕೊಂಡು ಹೋಗುತ್ತಾರೆ. ತಿರುಗಿ ತಂದಿಡುವಾಗ ಒಂದೆರಡು ಕಡಿಮೆಯಾಗಿರುವುದೂ ಉಂಟು, ಅದರ ಲೆಕ್ಕ ಯಾರೂ ಇಟ್ಟಿಲ್ಲ. ಪತ್ರಿಕೆಗಳಲ್ಲಿ ಬರುವ ಸುದ್ದಿಯನ್ನೇ ಓದಿ ನಮ್ಮ ಊರುಗಳನ್ನು ಅಳೆಯುವವರು ಈ ಗಳಗಳ ಸಂಗತಿಯನ್ನೂ ಸ್ವಲ್ಪ ಗಮನಿಸಬೇಕು.

ಇಷ್ಟೆಲ್ಲ ಬರೆದೆನಲ್ಲ, ಇದರಲ್ಲಿ ನಾನು ಕಣ್ಣಾರೆ ಕಂಡದ್ದು ದೇಗು, ಕುರ್ಚಿ, ಗಳ ಇಷ್ಟೇ. ಉಳಿದುದು ತಂದೆಯವರ ಬಾಯಿಂದ, ತಮ್ಮನ ಬಾಯಿಂದ ಕೇಳಿದ್ದು. ನಮ್ಮ ಬೀದಿಯ ಹೆಂಗಸರಿಗೆಲ್ಲ ಆ ಕಟ್ಟಡ ಗೊತ್ತಿರುವುದು ಹೀಗೆಯೇ.

ಕೆಲಸದಲ್ಲಿ ನಾವಿಲ್ಲವೆಂದರೆ ಅದು ಸುಳ್ಳು. ನನ್ನ ನಾನಿ, ಎಂದರೆ ತಾಯಿಯ ತಾಯಿ, ಮೂವತ್ತು ವರ್ಷಗಳಿಂದ ನಮ್ಮ ಜಮಾತಿನಲ್ಲಿ ತೀರಿಕೊಂಡ ಹೆಂಗಸರಿಗೆ ಗುಸ್ಲ್ ಕೊಡುತ್ತಾ ಬಂದಿದ್ದಾಳೆ. ಹೆಣ್ಣಿನ ದೇಹಕ್ಕೆ ಕೊನೆಯ ಸ್ನಾನ ಮಾಡಿಸಿ ಕಫನು ಉಡಿಸುವ ಕೆಲಸ ಹೆಂಗಸರದು. ನಡುರಾತ್ರಿ ಬಾಗಿಲು ತಟ್ಟಿದರೂ ಎದ್ದು, ದುಪಟ್ಟಿ ಹೊದ್ದು ಹೊರಡುತ್ತಾಳೆ. ಒಂದು ಕಾಸು ಮುಟ್ಟಿದವಳಲ್ಲ. ಜಮಾತಿನ ಕೆಲಸಗಳಲ್ಲಿ ಇದಕ್ಕಿಂತ ದೊಡ್ಡದು ಯಾವುದಿದೆಯೋ ನನಗೆ ತಿಳಿಯದು. ಆದರೂ ಆ ಕಟ್ಟಡದ ಮೆಟ್ಟಿಲನ್ನು ಅವಳು ಒಮ್ಮೆಯೂ ಹತ್ತಿಲ್ಲ.

2021ರ ಬೇಸಿಗೆಯಲ್ಲಿ ಕರೋನದ ಎರಡನೆಯ ಅಲೆ ಬಂದಾಗ ತಾಲ್ಲೂಕು ಆಸ್ಪತ್ರೆಯ ಹೊರಗೆ ಕಾಯುತ್ತಿದ್ದ ರೋಗಿಗಳ ಕಡೆಯವರಿಗೆ ಜಮಾತಿನಿಂದ ಊಟದ ಪೊಟ್ಟಣ ಹೋಯಿತು. ಬಂದವರು ಯಾವ ಜಾತಿ ಎಂದು ಯಾರೂ ಕೇಳಲಿಲ್ಲ. ಹೋಟೆಲುಗಳು ಮುಚ್ಚಿದ್ದ ದಿನಗಳವು. ಆ ಟೊಮೆಟೊ ಬಾತು ಬೆಂದದ್ದು ನಮ್ಮ ಬೀದಿಯ ಹದಿನೈದು ಮನೆಗಳ ಒಲೆಯ ಮೇಲೆ. ನಾನೂ ನನ್ನ ತಾಯಿಯೂ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಈರುಳ್ಳಿ ಹೆಚ್ಚಿದ್ದೇವೆ. ಆಮೇಲೆ ಸಭಾಂಗಣದಲ್ಲಿ ಒಂದು ಸಣ್ಣ ಸನ್ಮಾನ ನಡೆಯಿತು. ಹೊತ್ತು ಹಂಚಿದವರಿಗೆ ಶಾಲು ಹೊದಿಸಿದರು. ನನ್ನ ತಮ್ಮನೂ ಒಂದು ಶಾಲು ತಂದ. ಅದೀಗ ನಮ್ಮ ಮನೆಯ ಇಸ್ತ್ರಿ ಮೇಜಿನ ಮೇಲಿನ ಹಾಸು.

ಇದು ದೊಡ್ಡ ದೂರೇನಲ್ಲ. ಶಾಲಿಗಾಗಿ ಈರುಳ್ಳಿ ಹೆಚ್ಚಿದವರು ಯಾರೂ ಇಲ್ಲ. ನನ್ನ ಮನಸ್ಸಿಗೆ ಚುಚ್ಚುವುದು ಆ ಓದುಕೋಣೆ. ನಮ್ಮದು ಎರಡು ಕೋಣೆಯ ಮನೆ; ಆರು ಜನ. ಪರೀಕ್ಷೆ ಬಂತೆಂದರೆ ತಮ್ಮ ಪುಸ್ತಕ ಹಿಡಿದು ಮಹಡಿಗೆ ಹೋಗುತ್ತಾನೆ. ಅಲ್ಲಿ ಉದ್ದನೆಯ ಮೇಜು, ಫ್ಯಾನು, ಒಳ್ಳೆಯ ಬೆಳಕು, ದಿನಪತ್ರಿಕೆ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು ಎಲ್ಲ ಉಂಟು. ನಾನು ಅಡುಗೆಮನೆಯಲ್ಲಿ, ಊಟದ ಪಾತ್ರೆಗಳೆಲ್ಲ ಎದ್ದ ಮೇಲೆ ಓದಬೇಕು. ನಮ್ಮ ಬೀದಿಯಲ್ಲಿ ಈಗ ಕಾಲೇಜಿಗೆ ಹೋಗುವವರು ಹುಡುಗರಿಗಿಂತ ಹುಡುಗಿಯರೇ ಹೆಚ್ಚು. ಹುಡುಗರು ಹತ್ತನೆಯ ತರಗತಿ ಮುಗಿಯುತ್ತಲೇ ಗ್ಯಾರೇಜು, ಅಂಗಡಿ ಎಂದು ಸಂಪಾದನೆಗೆ ಬೀಳುತ್ತಾರೆ. ಹೀಗಾಗಿ ಓದುವವರು ಹೊರಗೆ, ಓದುಕೋಣೆ ಬರಿದಾಗಿ ಒಳಗೆ. ಎಷ್ಟೋ ಸಂಜೆ ಅಲ್ಲಿ ಕೇರಂ ಆಡುವ ಸದ್ದು ಬಿಟ್ಟರೆ ಬೇರೇನೂ ಕೇಳುವುದಿಲ್ಲವೆಂದು ತಮ್ಮನೇ ಹೇಳಿದ್ದಾನೆ.

ಇದು ಧರ್ಮದ ಕಟ್ಟಳೆಯೇ ಎಂದು ಕೆಲವರು ಕೇಳಬಹುದು. ನಾನು ಪಂಡಿತಳಲ್ಲ. ಆದರೂ ಹೆಂಗಸರನ್ನು ಮಸೀದಿಯಿಂದ ತಡೆಯಬಾರದೆಂದು ಪ್ರವಾದಿಯವರು ಹೇಳಿದ್ದಾರೆಂಬ ಹದೀಸು ಎಲ್ಲರೂ ಒಪ್ಪುವಂಥದೇ. ಮದೀನದ ಅವರ ಮಸೀದಿಯಲ್ಲಿ ನಮಾಜು ಮಾತ್ರ ನಡೆಯುತ್ತಿರಲಿಲ್ಲ. ಮನೆಮಠವಿಲ್ಲದ ವಿದ್ಯಾರ್ಥಿಗಳು ಅಲ್ಲಿಯ 'ಸುಫ್ಫಾ' ಎಂಬ ಜಗಲಿಯಲ್ಲಿ ಇದ್ದು ಕಲಿಯುತ್ತಿದ್ದರು. ಹೆಂಗಸರು ನಮಾಜಿಗೂ ಬರುತ್ತಿದ್ದರು, ಪ್ರಶ್ನೆಗಳನ್ನೂ ಕೇಳುತ್ತಿದ್ದರು. ಮಸೀದಿಯಲ್ಲಿ ಹೆಂಗಸರು ನಮಾಜು ಮಾಡುವುದಕ್ಕೆ ಇಸ್ಲಾಮಿನ ಅಡ್ಡಿಯಿಲ್ಲವೆಂದು ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿಯೇ 2020ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತು. ಇನ್ನು ನಮ್ಮ ನಾಡಿನದೇ ಉದಾಹರಣೆ ಬೇಕೆಂದರೆ ಬೀದರಿನಲ್ಲಿ ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮದರಸಾವನ್ನು ನೋಡಬಹುದು. ಮಸೀದಿ, ಗ್ರಂಥಾಲಯ, ಪಾಠದ ಕೋಣೆಗಳು, ಗುರುಶಿಷ್ಯರ ವಾಸ ಎಲ್ಲವೂ ಅಲ್ಲಿ ಒಂದೇ ಕಟ್ಟಡದಲ್ಲಿದ್ದವು. ಅಲ್ಲಿ ಹುಡುಗಿಯರು ಓದುತ್ತಿದ್ದರೆಂದು ನಾನು ಹೇಳುತ್ತಿಲ್ಲ. ಪೂಜೆಯ ಜಾಗದ ಮಗ್ಗುಲಲ್ಲೇ ಪುಸ್ತಕಕ್ಕೆ ಜಾಗವಿತ್ತೆಂಬುದಷ್ಟೇ ನನ್ನ ಮಾತು.

ನಮಾಜಿನ ವಿಷಯ ನಾನು ಎತ್ತಿಲ್ಲ. ಬಲ್ಲವರು ಅದನ್ನು ನಿಧಾನವಾಗಿ ಮಾತಾಡಿಕೊಳ್ಳಲಿ. ಮಾತಾಡಿದವರಿಗೆ ಏನಾಯಿತೆಂಬುದೂ ನಮಗೆ ಗೊತ್ತಿಲ್ಲದೆ ಇಲ್ಲ. ನಮ್ಮ ಜಿಲ್ಲೆಯವರೇ ಆದ ಬಾನು ಮುಷ್ತಾಕ್ ಅವರು ಮಸೀದಿಗೆ ಹೋಗುವ ಹಕ್ಕು ಹೆಂಗಸರಿಗೂ ಇದೆ ಎಂದುದಕ್ಕೆ 2000ದಲ್ಲಿ ಅವರ ಕುಟುಂಬ ಮೂರು ತಿಂಗಳು ಬಹಿಷ್ಕಾರ ಅನುಭವಿಸಿತು. ನ್ಯಾಯ ಬೇಡಿ ಮಕ್ಕಳೊಂದಿಗೆ ಮಸೀದಿಯ ಅಂಗಳದಲ್ಲಿ ಕೂತ ಹೆಂಗಸಿನ ಕಥೆ 'ಕರಿ ನಾಗರಗಳು' ಅವರದೇ. ಗಿರೀಶ್ ಕಾಸರವಳ್ಳಿಯವರು ಅದನ್ನು 2004ರಲ್ಲಿ 'ಹಸೀನಾ' ಚಿತ್ರ ಮಾಡಿದರು. 2025ರಲ್ಲಿ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಹುಮಾನ ಬಂದಾಗ ನಮ್ಮ ಬೀದಿಯಲ್ಲೂ ಸಿಹಿ ಹಂಚಿದರು. ಸಿಹಿಯನ್ನು ನಾನೂ ತಿಂದೆ. ತಮ್ಮನನ್ನು ಕೇಳಿದೆ, ಅವರ ಪುಸ್ತಕ ಓದುಕೋಣೆಯಲ್ಲಿ ಒಂದೂ ಇರಲಿಲ್ಲ.

ಇದನ್ನು ಓದಿ "ನೋಡಿದಿರಾ, ಅವರಲ್ಲಿ ಹೀಗೆ" ಎಂದು ತಲೆದೂಗುವ ಮಿತ್ರರಿದ್ದರೆ ಅವರಲ್ಲಿ ಒಂದು ವಿನಂತಿ. ನಿಮ್ಮ ಊರಿನ ಸಮುದಾಯ ಭವನದ ಕಾರ್ಯಕಾರಿ ಸಮಿತಿಯ ಫಲಕವನ್ನೊಮ್ಮೆ ಓದಿ ನೋಡಿ. ಅದರಲ್ಲಿ ಹೆಂಗಸರ ಹೆಸರು ಎಷ್ಟಿದೆ ಎಂದು ಎಣಿಸಿ, ಆಮೇಲೆ ನಾವು ಕೂತು ಮಾತಾಡೋಣ.

ಕಳೆದ ತಿಂಗಳು ಧೈರ್ಯ ಮಾಡಿ ಒಂದು ಅರ್ಜಿ ಬರೆದೆ. ಕನ್ನಡದಲ್ಲೇ ಬರೆದೆ, ಯಾಕೆಂದರೆ ಮನೆಯಲ್ಲಿ ದಖ್ಖನಿ ಆಡಿದರೂ ನಮ್ಮಲ್ಲಿ ಹೆಚ್ಚಿನವರಿಗೆ ಓದಲು ಬರುವುದು ಕನ್ನಡವೇ. ವಾರಕ್ಕೆ ಮೂರು ದಿನ, ಸಂಜೆ ನಾಲ್ಕರಿಂದ ಆರರವರೆಗೆ ಓದುಕೋಣೆಯನ್ನು ಹುಡುಗಿಯರಿಗೆ ಬಿಟ್ಟುಕೊಡಬೇಕು. ಹಿಂಬದಿಯ ಮೆಟ್ಟಿಲಿನ ಬಾಗಿಲ ಬೀಗ ತೆಗೆಸಬೇಕು. ವಿದ್ಯಾರ್ಥಿವೇತನದ ಪ್ರಕಟಣೆಗಳನ್ನು ಉರ್ದುವಿನ ಜೊತೆಗೆ ಕನ್ನಡದಲ್ಲೂ ಹಾಕಬೇಕು. ಇಷ್ಟೇ ಬೇಡಿಕೆ. ಕಾರ್ಯದರ್ಶಿಗಳು ತಂದೆಯವರ ಸ್ನೇಹಿತರು. ನಾನು ಚಿಕ್ಕಂದಿನಿಂದ ಚಾಚಾ ಎಂದೇ ಕರೆಯುವವರು. ಅವರ ಅಂಗಡಿಗೇ ಹೋಗಿ ಕೊಟ್ಟೆ. ಕನ್ನಡಕ ಏರಿಸಿ ಎರಡು ಸಲ ಓದಿದರು.

"ಬೇಟಿ, ಬರೆದಿರೋದು ಸರಿಯಾಗೇ ಇದೆ. ಆದರೆ ಜನ ಏನಂತಾರಮ್ಮ?"

"ಯಾವ ಜನ ಚಾಚಾ? ಇದರ ಕೆಳಗೆ ಸಹಿ ಹಾಕಿರೋರೂ ಜನಾನೇ ಅಲ್ವಾ?"

ಅವರು ಉತ್ತರ ಕೊಡಲಿಲ್ಲ, ಸಿಡುಕಲೂ ಇಲ್ಲ. ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು, "ರಂಜಾನ್ ಮುಗೀಲಿ, ಕಮಿಟಿ ಮುಂದೆ ಇಡ್ತೀನಿ. ಹಿಂದಿನ ಬಾಗಿಲಿನ ಬೀಗದ ಕೈ ಯಾರ ಹತ್ತಿರ ಇದೆಯೋ, ಅದನ್ನ ಮೊದಲು ಹುಡುಕಿಸಬೇಕು" ಎಂದರು. ಆ ಬಾಗಿಲು ತೆರೆದು ಎಷ್ಟು ವರ್ಷವಾಯಿತೋ ಅವರಿಗೂ ನೆನಪಿಲ್ಲ.

ಅರ್ಜಿಯ ನಕಲು ನನ್ನಲ್ಲಿದೆ. ಹನ್ನೊಂದು ಸಹಿ, ಒಂದು ಹೆಬ್ಬೆಟ್ಟು. ಹೆಬ್ಬೆಟ್ಟು ನಾನಿಯದು. "ನಿನಗೆ ಓದೋಕೆ ಬರಲ್ಲ, ನಿನಗ್ಯಾಕೆ ನಾನಿ?" ಎಂದು ತಮ್ಮ ಛೇಡಿಸಿದ್ದಕ್ಕೆ, "ನೀವೆಲ್ಲ ಓದ್ಕೊಳ್ಳಿ, ನಾನು ಫ್ಯಾನ್ ಕೆಳಗೆ ಕೂತಿರ್ತೀನಿ" ಎಂದಳು.